ಎರಡು ಸಲ ತೆಗೆದರೆ ದ್ವಿಭಾಷಾ ಸಿನಿಮಾ ಆಗುವುದಿಲ್ಲ

ನಮ್ಮ ಚಿತ್ರರಂಗದಲ್ಲಿ ‘ಬೈಲಿಂಗ್ವಲ್’ ಅನ್ನುವ ಪದಕ್ಕೆ ಒಂದು ವಿಚಿತ್ರ ಅರ್ಥವಿದೆ. ಒಂದು ದೃಶ್ಯವನ್ನು ಮೊದಲು ಕನ್ನಡದಲ್ಲಿ ತೆಗೆಯುತ್ತಾರೆ. ಆಮೇಲೆ ಅದೇ ಸೆಟ್ಟು, ಅದೇ ಬಟ್ಟೆ, ಅದೇ ಬೆಳಕು ಇಟ್ಟುಕೊಂಡು ಅದನ್ನೇ ತೆಲುಗಿನಲ್ಲೋ ತಮಿಳಿನಲ್ಲೋ ಹಿಂದಿಯಲ್ಲೋ ಇನ್ನೊಮ್ಮೆ ತೆಗೆಯುತ್ತಾರೆ. ಪೋಸ್ಟರಿನ ಮೇಲೆ ‘ದ್ವಿಭಾಷಾ ಚಿತ್ರ’ ಎಂದು ಬರೆಯುತ್ತಾರೆ. ಆದರೆ ಸಿನಿಮಾದ ಒಳಗೆ ಹೋಗಿ ಹುಡುಕಿದರೆ ಎರಡು ಭಾಷೆ ಬಲ್ಲ ಒಬ್ಬ ಮನುಷ್ಯನೂ ಸಿಗುವುದಿಲ್ಲ. ಕನ್ನಡದ ಪ್ರತಿಯಲ್ಲಿ ಜಗತ್ತಿಗೆಲ್ಲ ಕನ್ನಡ ಬರುತ್ತದೆ, ತೆಲುಗಿನ ಪ್ರತಿಯಲ್ಲಿ ಜಗತ್ತಿಗೆಲ್ಲ ತೆಲುಗು ಬರುತ್ತದೆ. ಇದು ದ್ವಿಭಾಷೆ ಹೇಗಾಯಿತು? ಅಕ್ಕಪಕ್ಕ ಇಟ್ಟ ಎರಡು ಏಕಭಾಷೆ, ಅಷ್ಟೇ.

ಈ ಮಾತನ್ನು ವ್ಯಾಕರಣದ ತಕರಾರು ಎಂದು ತಳ್ಳಿಹಾಕಬೇಡಿ. ಎರಡು ಮೂರು ಭಾಷೆಗಳ ನಡುವೆ ಬದುಕುವ ಕನ್ನಡಿಗರು, ಅಂದರೆ ಈ ಪತ್ರಿಕೆಯನ್ನು ನಡೆಸುವವರು ಮತ್ತು ಓದುವವರು, ಕನ್ನಡದ ತೆರೆಯ ಮೇಲೆ ಕಾಣದೇ ಹೋಗಿರುವುದಕ್ಕೆ ಒಂದು ದೊಡ್ಡ ಕಾರಣ ಈ ಪದದ ಒಳಗೇ ಇದೆ ಎಂಬುದು ನನ್ನ ವಾದ.

ನಿಜವಾದ ದ್ವಿಭಾಷಾ ಸಿನಿಮಾ ಹೇಗಿರುತ್ತದೆ ಎನ್ನುವುದಕ್ಕೆ ಒಂದು ಹೊರಗಿನ ಉದಾಹರಣೆ ಕೊಡುತ್ತೇನೆ. ಆನ್ನಾ ಬೋಡೆನ್ ಮತ್ತು ರಯಾನ್ ಫ್ಲೆಕ್ ಸೇರಿ ಮಾಡಿದ ‘ಶುಗರ್’ 2008ರಲ್ಲಿ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಮೊದಲು ತೆರೆ ಕಂಡಿತು. ಡೊಮಿನಿಕನ್ ಗಣರಾಜ್ಯದ ಮಿಗೆಲ್ ಸಾಂಟೋಸ್ ಎಂಬ ಹುಡುಗ ಬೇಸ್‌ಬಾಲ್ ಬೌಲರ್, ಅಲ್ಲಿಯ ಭಾಷೆಯಲ್ಲಿ ಪಿಚರ್. ಅಮೆರಿಕದ ತಂಡವೊಂದು ನಡೆಸುವ ಅಕಾಡೆಮಿಯಲ್ಲಿ ತಯಾರಾಗಿ ಅಯೋವಾದ ಜೋಳದ ಹೊಲಗಳ ನಡುವಿನ ಒಂದು ಸಣ್ಣ ಊರಿಗೆ ಆಡಲು ಹೋಗುತ್ತಾನೆ. ಪಾತ್ರ ಮಾಡಿದ ಆಲ್ಜೆನಿಸ್ ಪೆರೆಸ್ ಸೋಟೋ ವೃತ್ತಿನಟನಲ್ಲ, ಅಲ್ಲಿಯದೇ ಹುಡುಗ. ಸಿನಿಮಾದಲ್ಲಿ ಸ್ಪ್ಯಾನಿಷ್ ಸ್ಪ್ಯಾನಿಷ್ ಆಗಿಯೇ ಇರುತ್ತದೆ, ಇಂಗ್ಲಿಷ್ ಇಂಗ್ಲಿಷ್ ಆಗಿಯೇ. ನಮಗೆ ಕೆಳಗೆ ಸಬ್‌ಟೈಟಲ್ ಇರುತ್ತದೆ, ಹುಡುಗನಿಗೆ ಅದೂ ಇಲ್ಲ.

ಅದರಲ್ಲಿ ಒಂದು ಹೋಟೆಲಿನ ಸನ್ನಿವೇಶ ಬರುತ್ತದೆ. ಹುಡುಗನಿಗೆ ಇಂಗ್ಲಿಷ್‌ನಲ್ಲಿ ಆರ್ಡರ್ ಮಾಡಲು ಗೊತ್ತಿರುವುದು ಫ್ರೆಂಚ್ ಟೋಸ್ಟ್ ಒಂದೇ. ಹೋದಾಗಲೆಲ್ಲ ಅದನ್ನೇ ತಿನ್ನುತ್ತಾನೆ. ಒಂದು ದಿನ ಧೈರ್ಯ ಮಾಡಿ ಮೊಟ್ಟೆ ಕೇಳುತ್ತಾನೆ. ಮೊಟ್ಟೆ ಹೇಗೆ ಮಾಡಿಕೊಡಲಿ ಎಂದು ಕೇಳಿದ ಕೂಡಲೇ ಬಾಯಿ ಕಟ್ಟಿಹೋಗಿ ಮತ್ತೆ ಫ್ರೆಂಚ್ ಟೋಸ್ಟಿಗೇ ವಾಪಸ್. ಆಕೆ ಬೇರೆ ಬೇರೆ ರೀತಿಯಲ್ಲಿ ಮಾಡಿದ ಮೊಟ್ಟೆಗಳನ್ನು ಒಂದೇ ತಟ್ಟೆಯಲ್ಲಿ ತಂದಿಟ್ಟು ಒಂದೊಂದರ ಹೆಸರೂ ಹೇಳಿಕೊಡುತ್ತಾಳೆ. ಸ್ಪ್ಯಾನಿಷ್‌ನಲ್ಲಿ ಈ ಹುಡುಗ ಮಾತುಗಾರ, ಗೆಳೆಯರ ನಡುವೆ ಹುಲಿ. ಇಂಗ್ಲಿಷ್‌ನಲ್ಲಿ ಮೂಗ. ಒಬ್ಬನೇ ಮನುಷ್ಯ ಎರಡು ಭಾಷೆಯಲ್ಲಿ ಎರಡು ಮನುಷ್ಯನಾಗಿರುತ್ತಾನೆ. ಈ ಸಿನಿಮಾವನ್ನು ಪೂರ್ತಿ ಇಂಗ್ಲಿಷಿಗೆ ಡಬ್ ಮಾಡಿ ನೋಡಿ: ಮೊಟ್ಟೆಯ ತಟ್ಟೆಗೆ ಅರ್ಥವೇ ಉಳಿಯುವುದಿಲ್ಲ.

ಇದೊಂದೇ ಅಲ್ಲ. ಗ್ರೆಗರಿ ನಾವಾ ಅವರ 1983ರ ‘ಎಲ್ ನೊರ್ತೆ’ಯಲ್ಲಿ ಗ್ವಾಟೆಮಾಲಾದ ಮಾಯಾ ಬುಡಕಟ್ಟಿನ ಅಣ್ಣ ತಂಗಿ ತಮ್ಮ ನುಡಿ, ಸ್ಪ್ಯಾನಿಷ್, ಇಂಗ್ಲಿಷ್ ಮೂರನ್ನೂ ದಾಟಿ ಲಾಸ್ ಏಂಜಲೀಸ್ ಸೇರುತ್ತಾರೆ. ದಾರಿಯಲ್ಲಿ ಮೆಕ್ಸಿಕೋದವರೆಂದು ತೋರಿಸಿಕೊಳ್ಳಲು ಅಲ್ಲಿಯವರ ಹಾಗೆ ಬೈಗುಳ ಬಳಸುತ್ತಾರೆ. ಪಾಸ್‌ಪೋರ್ಟ್ ಇಲ್ಲದವರಿಗೆ ನಾಲಿಗೆಯೇ ಪಾಸ್‌ಪೋರ್ಟ್.

ಈಗ ನಮ್ಮ ಕಡೆ ಬನ್ನಿ. 1977ರಲ್ಲಿ ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತರು ಭೈರಪ್ಪನವರ ಕಾದಂಬರಿಯಿಂದ ‘ತಬ್ಬಲಿಯು ನೀನಾದೆ ಮಗನೆ’ ಮಾಡಿದರು. ಹಿಂದಿಯಲ್ಲಿ ‘ಗೋಧೂಲಿ’. ಅಮೆರಿಕದಲ್ಲಿ ಓದಿ ಅಲ್ಲಿಯವಳನ್ನೇ ಮದುವೆಯಾಗಿ ಹಳ್ಳಿಗೆ ಬಂದವನ ಕಥೆ. ಒಂದೇ ಜಗುಲಿಯ ಮೇಲೆ ಎರಡು ಲೋಕ ಕೂರುವ ಇಂಥ ಕಥೆಯನ್ನೂ ನಾವು ದ್ವಿಭಾಷೆ ಎಂದು ಕರೆದದ್ದು ಕನ್ನಡ ಮತ್ತು ಇಂಗ್ಲಿಷ್ ಮುಖಾಮುಖಿಯಾದವು ಎಂದಲ್ಲ. ಅದೇ ಹಳ್ಳಿ ಇನ್ನೊಂದು ಪ್ರತಿಯಲ್ಲಿ ಹಿಂದಿ ಮಾತಾಡಿತು ಎಂದು. ಆ ಹಿರಿಯರ ಮೇಲೆ ನನಗೆ ದೂರಿಲ್ಲ. ಅವತ್ತಿನ ಮಾರುಕಟ್ಟೆಯಲ್ಲಿ ಹಣ ಹುಟ್ಟಬೇಕಾದರೆ ದಾರಿ ಹಾಗಿತ್ತು. ದೂರು ಇರುವುದು ಆ ದಾರಿಯೇ ಇವತ್ತು ಹೆದ್ದಾರಿಯಾಗಿ, ‘ಪ್ಯಾನ್ ಇಂಡಿಯಾ’ ಎಂಬ ಹೆಸರಿನ ಟೋಲ್ ಗೇಟು ಹಾಕಿಕೊಂಡಿರುವುದರ ಮೇಲೆ.

‘ಕೆಜಿಎಫ್’ ತೆಗೆದುಕೊಳ್ಳಿ. 2018ರ ಡಿಸೆಂಬರಿನಲ್ಲಿ ಐದು ಭಾಷೆಗಳಲ್ಲಿ ಬಂತು. ನಿಜವಾದ ಕೋಲಾರದ ಚಿನ್ನದ ಗಣಿ ಈ ನಾಡಿನ ಅತಿ ಬಹುಭಾಷಾ ಊರುಗಳಲ್ಲಿ ಒಂದು. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕೆಲಸ ಶುರು ಮಾಡಿದ ಮೇಲೆ ಭೂಮಿಯೊಳಗೆ ಇಳಿದವರಲ್ಲಿ ಬಹುಪಾಲು ತಮಿಳು ಮಾತಾಡುವ ದಲಿತ ಕಾರ್ಮಿಕರು. ಚಿತ್ತೂರಿನ ಕಡೆಯ ತೆಲುಗರಿದ್ದರು, ಮೇಲೆ ಬ್ರಿಟಿಷರು, ನಡುವೆ ಆಂಗ್ಲೋ ಇಂಡಿಯನ್ನರು, ಸುತ್ತಲ ಹಳ್ಳಿಗಳಲ್ಲಿ ಕನ್ನಡಿಗರೂ ತೆಲುಗರೂ. 2001ರಲ್ಲಿ ಗಣಿ ಮುಚ್ಚುವವರೆಗೂ ಅಲ್ಲಿ ಯಾರು ಯಾವ ಭಾಷೆಯಲ್ಲಿ ಯಾರಿಗೆ ಹುಕುಂ ಕೊಡುತ್ತಾರೆ ಎನ್ನುವುದರಲ್ಲೇ ಒಂದು ಚರಿತ್ರೆ ಇತ್ತು. ಸಿನಿಮಾದಲ್ಲಿ? ನಾಯಕ ಮೈಸೂರಿನಿಂದ ಬೊಂಬಾಯಿಗೆ ಹೋಗುತ್ತಾನೆ, ಬೊಂಬಾಯಿಯಿಂದ ಗಣಿಗೆ ಬರುತ್ತಾನೆ. ಎಲ್ಲೂ ಯಾರಿಗೂ ಯಾರ ಮಾತೂ ತೊಡಕಾಗುವುದಿಲ್ಲ. ನಿಮ್ಮ ಟಿಕೆಟ್ಟಿನಲ್ಲಿ ಯಾವ ಭಾಷೆ ಅಚ್ಚಾಗಿದೆಯೋ ಗಣಿಯ ಕೂಲಿಯೂ ಅದೇ, ಮುಂಬಯಿಯ ಡಾನೂ ಅದೇ. ಕಟ್ಟುಕಥೆ ತಾನೇ ಎನ್ನಬಹುದು. ಕಟ್ಟುಕಥೆಗೆ ಚಿನ್ನ ಬೇಕಾಯಿತು, ಆ ಚಿನ್ನ ತೆಗೆದವರ ನಾಲಿಗೆ ಬೇಡವಾಯಿತು ಎಂಬುದೇ ನನ್ನ ಮಾತು.

‘ಕಾಂತಾರ’ದ ವಿಷಯ ಇನ್ನೂ ಸೂಕ್ಷ್ಮ. 2022ರ ಸೆಪ್ಟೆಂಬರ್ 30ಕ್ಕೆ ಅದು ಕನ್ನಡದಲ್ಲಿ ಮಾತ್ರ ಬಂತು. ಕರಾವಳಿಯ ಕನ್ನಡದ ಆ ಏರಿಳಿತವೇ ಆ ಊರನ್ನು ಊರಾಗಿಸಿತ್ತು. ಹೊರಗಿನಿಂದ ಬಂದ ಅರಣ್ಯಾಧಿಕಾರಿಯ ಮಾತಿಗೂ ಊರವರ ಮಾತಿಗೂ ಇರುವ ಅಂತರದಲ್ಲೇ ಅರ್ಧ ಜಗಳ ಇತ್ತು. ಎರಡು ವಾರದಲ್ಲಿ ಹಿಂದಿ, ತೆಲುಗು ಡಬ್ ಬಂದವು. ಹೈದರಾಬಾದಿನಲ್ಲಿ ಜನ ಮುಗಿಬಿದ್ದು ನೋಡಿದರು, ಸಂತೋಷ. ಆದರೆ ನಮ್ಮ ಜನ? ಕೊಂಡಾಪುರದ ಕನ್ನಡ ವಾಟ್ಸ್ಯಾಪ್ ಗುಂಪುಗಳಲ್ಲಿ ‘ತೆಲುಗು ಶೋ ಮನೆ ಹತ್ತಿರ ಇದೆ, ಅದಕ್ಕೇ ಹೋಗೋಣ’ ಎಂದವರು ಎಷ್ಟು ಜನ! ಕನ್ನಡದ ಮಕ್ಕಳು ಕನ್ನಡದ ಸಿನಿಮಾವನ್ನು ತೆಲುಗಿನಲ್ಲಿ ನೋಡಿ ಬಂದರು.

ನಾನು ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನಡೆಸಿ ಅನ್ನ ತಿನ್ನುವವನು. ಒಂದು ಆ್ಯಪ್ ಹತ್ತು ಭಾಷೆಯಲ್ಲಿ ಬರಬೇಕಾದರೆ ನಾವು ಮೊದಲ ದಿನವೇ ಒಂದು ನಿಯಮ ಹಾಕುತ್ತೇವೆ: ಪರದೆಯ ಮೇಲೆ ಕಾಣುವ ಯಾವ ಮಾತನ್ನೂ ಕೋಡಿನೊಳಗೆ ಬರೆಯಬೇಡಿ, ಬೇರೆ ಫೈಲಿನಲ್ಲಿ ಇಡಿ. ಫೈಲು ಬದಲಾಯಿಸಿದರೆ ಭಾಷೆ ಬದಲಾಗಬೇಕು, ಆ್ಯಪ್ ಅಲುಗಾಡಬಾರದು. ಬ್ಯಾಂಕಿನ ಆ್ಯಪಿಗೆ ಇದು ಒಳ್ಳೆಯ ನಿಯಮ. ಪ್ಯಾನ್ ಇಂಡಿಯಾ ಸಿನಿಮಾವನ್ನು ಬರೆಯುವುದೂ ಇದೇ ನಿಯಮದಲ್ಲಿ. ಮಾತು ತೆಗೆದು ಇನ್ನೊಂದು ಮಾತು ತುರುಕಿದರೂ ಕಥೆ ಅಲುಗಬಾರದು. ಹಾಗಾಗಿ ಮಾತಿನ ಮೇಲೆ ನಿಂತ ಯಾವ ಸನ್ನಿವೇಶವೂ ಅಲ್ಲಿ ಹುಟ್ಟುವುದಿಲ್ಲ. ತಪ್ಪು ಅರ್ಥ ಮಾಡಿಕೊಳ್ಳುವುದು, ಭಾಷೆ ಬಾರದೆ ನಗುವುದು, ಬರುವ ಭಾಷೆಯನ್ನು ಬಾರದಂತೆ ನಟಿಸುವುದು, ಮೇಲಧಿಕಾರಿಯ ಮುಂದೆ ಒಂದು ನುಡಿ, ಅಮ್ಮನ ಫೋನಿಗೆ ಇನ್ನೊಂದು ನುಡಿ, ಇವೆಲ್ಲ ಕಥೆ ಬರೆಯುವ ಹೊತ್ತಿಗೇ ಕತ್ತರಿ ಕಾಣುತ್ತವೆ. ಉಳಿಯುವುದು ಹೊಡೆದಾಟ, ಬೆಂಕಿ, ಗಡ್ಡ.

ಈಗ ಕೊಂಡಾಪುರದ ಒಂದು ಬೆಳಗ್ಗೆ ನೋಡಿ. ನಾನು ರಾಯಚೂರು ಜಿಲ್ಲೆಯವನು, ಹೆಂಡತಿ ಹಾಸನದವಳು. ನಮ್ಮಿಬ್ಬರ ಕನ್ನಡವೇ ಒಂದಲ್ಲ. ಮನೆಗೆಲಸಕ್ಕೆ ಬರುವ ಅಕ್ಕ ನಾರಾಯಣಪೇಟೆಯ ಕಡೆಯವರು. ಗಡಿಯ ಆ ಊರುಗಳಲ್ಲಿ ಕನ್ನಡ ತೆಲುಗು ಒಂದೇ ವಾಕ್ಯದಲ್ಲಿ ಕೂತು ಎದ್ದು ಹೋಗುತ್ತವೆ. ನನ್ನ ಜೊತೆ ‘ಹೌದ್ರೀ ಅಣ್ಣಾ’ ಎನ್ನುವವರು ಹೆಂಡತಿಯ ಜೊತೆ ತೆಲುಗಿಗೆ ಹೊರಳುತ್ತಾರೆ. ಹಾಸನದ ಕನ್ನಡ ಅವರಿಗೆ ಟಿವಿಯ ಕನ್ನಡ. ಲಿಫ್ಟಿನಲ್ಲಿ ಹಿಂದಿ, ಆಫೀಸಿನ ಕಾಲ್‌ನಲ್ಲಿ ಇಂಗ್ಲಿಷ್, ತರಕಾರಿ ಗಾಡಿಯ ಹತ್ತಿರ ತೆಲುಗು. ಹಿಂಬದಿಯ ಖಾಲಿ ಸೈಟಿನಲ್ಲಿ ಏಳುತ್ತಿರುವ ಕಟ್ಟಡದಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಬಂದವರು ನಮ್ಮ ದೇವದುರ್ಗ, ಯಾದಗಿರಿ ಕಡೆಯವರು. ಮೇಸ್ತ್ರಿಯ ತೆಲುಗಿಗೆ ತಲೆಯಾಡಿಸಿ, ಸರಳು ಎಣಿಸುವಾಗ ಮಾತ್ರ ಕನ್ನಡದಲ್ಲಿ ಎಣಿಸುತ್ತಾರೆ. ಐದನೇ ಮಹಡಿಯ ಕನ್ನಡಿಗನಿಗೂ ಕೆಳಗಿನ ಕನ್ನಡಿಗನಿಗೂ ನಡುವೆ ಭಾಷೆ ಒಂದೇ. ಆದರೆ ಇಬ್ಬರೂ ಭೇಟಿಯಾದಾಗ ಆಡುವುದು ಹಿಂದಿ, ಏಕೆಂದರೆ ಎದುರಿಗಿನವನು ಕನ್ನಡದವನಿರಬಹುದು ಎಂಬ ಊಹೆಯೇ ಇಬ್ಬರಿಗೂ ಬರುವುದಿಲ್ಲ. ಇದಕ್ಕಿಂತ ದೊಡ್ಡ ಸಿನಿಮಾ ಬೇಕೇ?

ಇದು ಐಟಿಯವರ ಹೊಸ ರೋಗ ಎಂದುಕೊಳ್ಳಬೇಡಿ. 1956ರವರೆಗೆ ರಾಯಚೂರು, ಕಲಬುರಗಿ, ಬೀದರ್ ಇದ್ದದ್ದು ಹೈದರಾಬಾದ್ ರಾಜ್ಯದಲ್ಲಿ. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು; 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠವೂ ಉರ್ದುವಿನಲ್ಲೇ. ಅಡುಗೆಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕೋರ್ಟಿನಲ್ಲಿ ಉರ್ದು ಎಂಬ ಬಾಳು ಆ ಕಾಲದ ನಮ್ಮ ಕಡೆಯವರಿಗೆ ಮಾಮೂಲು. ಕಾಚಿಗುಡದಲ್ಲಿ ಕನ್ನಡದ ಶಾಲೆ, ಸಾಹಿತ್ಯ ಮಂದಿರ ಎದ್ದು ನಿಂತದ್ದು ಅಂಥ ಜನರಿಂದ. ಇಷ್ಟು ಹಳೆಯ ಬಹುಭಾಷಾ ಬದುಕಿನಲ್ಲಿ ನಮ್ಮ ತೆರೆಗೆ ಬಂದದ್ದು ಎಷ್ಟು? ಪರಊರಿನ ಕನ್ನಡಿಗರ ಕಥೆ ಎಂದರೆ ನೆನಪಾಗುವುದು ನಾಗತಿಹಳ್ಳಿ ಚಂದ್ರಶೇಖರರ ‘ಅಮೆರಿಕಾ ಅಮೆರಿಕಾ’. ಒಳ್ಳೆಯ ಸಿನಿಮಾ. ಆದರೆ ಅಲ್ಲಿಯ ಪ್ರಶ್ನೆ ತಾಯ್ನಾಡು ಮತ್ತು ಡಾಲರಿನದು, ನಾಲಿಗೆಯದಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ನನಗೆ ಗೊತ್ತು: ‘ಮೊದಲೇ ಕನ್ನಡ ಸೊರಗಿದೆ, ಅದಕ್ಕೆ ನಾಲ್ಕು ಭಾಷೆ ಬೆರೆಸಿ ಇನ್ನಷ್ಟು ನೀರು ಮಾಡಬೇಕೇ?’ ಇದಕ್ಕೆ ಉತ್ತರ ಕಾಸರಗೋಡಿನಲ್ಲಿದೆ. ರಿಷಬ್ ಶೆಟ್ಟರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ 2018ರಲ್ಲಿ ಬಂತು, ಅತ್ಯುತ್ತಮ ಮಕ್ಕಳ ಚಿತ್ರದ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಕನ್ನಡ ಶಾಲೆಗೆ ಕನ್ನಡ ಬಾರದ ಮಲಯಾಳಿ ಮೇಷ್ಟ್ರನ್ನು ಹಾಕುತ್ತಾರೆ. ಆ ಮೇಷ್ಟ್ರು ಮಲಯಾಳದಲ್ಲೇ ಮಾತಾಡಿದ್ದರಿಂದ ತಾನೇ ಆ ತರಗತಿಯ ಮಕ್ಕಳು ಕಳೆದುಕೊಳ್ಳುತ್ತಿರುವುದು ಏನು ಎಂದು ನಮಗೆ ತಿಳಿದದ್ದು? ಡಬ್ಬಿಂಗಿನ ಲೆಕ್ಕದಲ್ಲಿ ಆತನೂ ಸಲೀಸಾಗಿ ಕನ್ನಡ ಆಡಿದ್ದರೆ ಕಥೆಯೇ ಇರುತ್ತಿರಲಿಲ್ಲ. ಪಕ್ಕದಲ್ಲಿ ಇನ್ನೊಂದು ಭಾಷೆ ಕೇಳಿಸಿದಾಗಲೇ ಕನ್ನಡದ ಬೆಲೆ ಕೇಳಿಸುತ್ತದೆ. ಆ ಮೇಷ್ಟ್ರನ್ನು ಹೆಚ್ಚಾಗಿ ನಗುವಿಗೆ ಬಳಸಿಕೊಂಡದ್ದು ನನಗೆ ಹಿಡಿಸಲಿಲ್ಲ. ಇನ್ನೊಂದು ಭಾಷೆಯವನಿಗೂ ಒಂದು ಮನಸ್ಸು ಇರುತ್ತದೆ. ‘ಶುಗರ್’ನಲ್ಲಿ ಹುಡುಗನನ್ನು ಮನೆಯಲ್ಲಿ ಇಟ್ಟುಕೊಂಡ ಅಯೋವಾದ ವೃದ್ಧ ದಂಪತಿಗೆ ಅವನ ಭಾಷೆ ಬರುವುದಿಲ್ಲ, ಆದರೂ ಅವರು ಕೋಡಂಗಿಗಳಾಗುವುದಿಲ್ಲ. ಆ ಹೆಜ್ಜೆಯನ್ನು ನಾವು ಇನ್ನೂ ಇಡಬೇಕು. ಹಾಗೆಂದು ಕಾಸರಗೋಡಿನ ಆ ತರಗತಿ ತೆರೆದ ಬಾಗಿಲನ್ನು ಮರೆಯಬೇಕಿಲ್ಲ.

ಎರಡನೆಯ ಆಕ್ಷೇಪ: ‘ಹಾಗಾದರೆ ನೀವು ಡಬ್ಬಿಂಗ್ ವಿರೋಧಿಗಳ ಪೈಕಿ.’ ಖಂಡಿತ ಅಲ್ಲ. 1960ರ ದಶಕದಲ್ಲಿ ಅನಕೃ ಮೊದಲಾದವರು ಡಬ್ಬಿಂಗ್ ವಿರುದ್ಧ ನಿಂತಾಗ ಕನ್ನಡ ಚಿತ್ರರಂಗ ಎಳೆಯ ಸಸಿ, ಬೇಲಿ ಬೇಕಿತ್ತು. ಸಸಿ ಮರವಾದ ಮೇಲೂ ಬೇಲಿ ಕೀಳಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ನಿರ್ಬಂಧ ಸರಿಯಲ್ಲ ಎಂದು ಹೇಳಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿದ್ದು ಸರಿಯಾಗಿಯೇ ಇತ್ತು. ಊರಿನಲ್ಲಿರುವ ನನ್ನ ಅಮ್ಮನಿಗೆ ಯಾವ ಸಿನಿಮಾವನ್ನಾದರೂ ಕನ್ನಡದಲ್ಲಿ ನೋಡುವ ಹಕ್ಕಿದೆ. ಮಾಡಿದ ಸಿನಿಮಾವನ್ನು ಡಬ್ ಮಾಡುವುದು ಬೇರೆ, ಡಬ್ ಮಾಡಲೆಂದೇ ಸಿನಿಮಾ ಮಾಡುವುದು ಬೇರೆ. ಮೊದಲನೆಯದು ನೋಡುಗನ ಹಕ್ಕು, ಎರಡನೆಯದು ಬರೆಯುವವನ ಸೋಮಾರಿತನ.

ಮೂರನೆಯದು ವ್ಯಾಪಾರದ ಆಕ್ಷೇಪ: ಜನ ಸಬ್‌ಟೈಟಲ್ ಓದುವುದಿಲ್ಲ. ಯಾವ ಜನ? ನನ್ನ ಟೀಮಿನ ಹುಡುಗ ಹುಡುಗಿಯರು ರಾತ್ರಿಯೆಲ್ಲ ಕೊರಿಯಾದ ಧಾರಾವಾಹಿಯನ್ನು ಸಬ್‌ಟೈಟಲ್ ಓದಿಕೊಂಡು ನೋಡಿ ಬೆಳಿಗ್ಗೆ ಸ್ಟ್ಯಾಂಡ್ ಅಪ್ ಮೀಟಿಂಗಿಗೆ ಕಣ್ಣು ಕೆಂಪು ಮಾಡಿಕೊಂಡು ಬರುತ್ತಾರೆ. ಕೊರಿಯನ್ನಿಗೆ ಓದುವ ಕಣ್ಣು ಕನ್ನಡಕ್ಕೆ ಓದುವುದಿಲ್ಲವೇ? ಹೆಚ್ಚು ಗಟ್ಟಿಯಾದ ಅಡ್ಡಿ ಇರುವುದು ನಿಯಮಗಳಲ್ಲಿ. ನಮ್ಮ ರಾಷ್ಟ್ರಪ್ರಶಸ್ತಿಗಳು ಭಾಷೆಗೊಂದು ಗೂಡು ಮಾಡಿ ಇಟ್ಟಿವೆ. ಅರ್ಧ ಕನ್ನಡ ಅರ್ಧ ತೆಲುಗಿನ ಸಿನಿಮಾವನ್ನು ಯಾವ ಗೂಡಿಗೆ ಹಾಕುತ್ತೀರಿ? ಇದು ನಮ್ಮದೊಂದೇ ರೋಗವಲ್ಲ. 2007ರ ಇಸ್ರೇಲಿ ಸಿನಿಮಾ ‘ದ ಬ್ಯಾಂಡ್ಸ್ ವಿಸಿಟ್’ನಲ್ಲಿ ಈಜಿಪ್ಟಿನ ಪೊಲೀಸ್ ಬ್ಯಾಂಡಿನವರು ದಾರಿ ತಪ್ಪಿ ಇಸ್ರೇಲಿನ ಒಂದು ಪುಟ್ಟ ಊರಿಗೆ ಬರುತ್ತಾರೆ. ಅರಬ್ಬಿಯವರೂ ಹೀಬ್ರೂವಿನವರೂ ಮಾತಾಡಬೇಕಾದರೆ ಇಬ್ಬರಿಗೂ ಅಷ್ಟಿಷ್ಟು ಬರುವ ಇಂಗ್ಲಿಷೇ ಗತಿ. ಇಂಗ್ಲಿಷ್ ಹೆಚ್ಚಾಯಿತು ಎಂದು ಆಸ್ಕರ್‌ನವರು ಅದನ್ನು ವಿದೇಶಿ ಭಾಷೆಯ ವಿಭಾಗದಿಂದ ಹೊರಗಿಟ್ಟರು. ಆ ಮುರುಕು ಇಂಗ್ಲಿಷೇ ಆ ಸಿನಿಮಾದ ಜೀವ ಎಂದು ತಕ್ಕಡಿ ಹಿಡಿದವರಿಗೆ ಕಾಣಲಿಲ್ಲ.

ಹಾಗಾದರೆ ಇಂಥದ್ದನ್ನು ಕನ್ನಡದಲ್ಲಿ ಮಾಡುವವರು ಯಾರು? ಸ್ಟಾರ್‌ಗಳ ಮೇಲೆ ನಿಂತ ಉದ್ಯಮವಂತೂ ಅಲ್ಲ. ಆದರೆ ಕಳೆದ ಹತ್ತು ವರ್ಷದ ಸ್ವತಂತ್ರ ಕನ್ನಡ ಸಿನಿಮಾ ಅರ್ಧ ದಾರಿ ಸವೆಸಿಬಿಟ್ಟಿದೆ. ರಾಮ್ ರೆಡ್ಡಿಯವರ ‘ತಿಥಿ’ ಮಂಡ್ಯದ ಹಳ್ಳಿಯವರನ್ನೇ ನಟರನ್ನಾಗಿಸಿ, ಅವರ ಬಾಯಿಯ ಕನ್ನಡವನ್ನು ತಿದ್ದದೆ, 2015ರಲ್ಲಿ ಲೊಕಾರ್ನೊದಲ್ಲಿ ಗೋಲ್ಡನ್ ಲೆಪರ್ಡ್ ಗೆದ್ದಿತು. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ಕೊಪ್ಪಳದ ಹಳ್ಳಿಯೊಂದರ ಬಿಸಿಯೂಟದ ಅಡುಗೆಯಾಕೆಯ ಕಥೆಯನ್ನು ಅಲ್ಲಿಯದೇ ಮಾತಿನಲ್ಲಿ ಹೇಳಿ 2022ರಲ್ಲಿ ಬೂಸಾನಿನಲ್ಲಿ ಪ್ರಶಸ್ತಿ ತಂದಿತು. ಉತ್ಸವ್ ಗೋನವಾರ ಅವರ ‘ಫೋಟೋ’ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ರಾಯಚೂರಿನ ಕಡೆಗೆ ಹೊರಟ ಅಪ್ಪ ಮಗನ ಜೊತೆ ನಡೆಯಿತು. ಬೆಂಗಳೂರಿನ ಸ್ಟುಡಿಯೋ ಕನ್ನಡವೇ ಕನ್ನಡ ಎಂಬ ಭ್ರಮೆಯನ್ನು ಇವು ಒಡೆದಿವೆ. ಕನ್ನಡದ ಒಳಗೆ ಹತ್ತು ಕನ್ನಡ ಇದೆ ಎಂದು ತೋರಿಸಿದವರು, ಕನ್ನಡದ ಪಕ್ಕದಲ್ಲಿ ಇನ್ನೂ ಹತ್ತು ಭಾಷೆ ಇದೆ ಎಂದು ತೋರಿಸುವುದು ಮುಂದಿನ ಹೆಜ್ಜೆ. ನಮ್ಮ ರಾಯಚೂರಿನ ಕೂಲಿಯವನು ಬೆಂಗಳೂರಿಗೆ ಮಾತ್ರ ಹೋಗುವುದಿಲ್ಲ. ಹೈದರಾಬಾದ್ ಅವನಿಗೆ ಹತ್ತಿರ.

ಆ ಹೆಜ್ಜೆಯ ಖರ್ಚಿನಲ್ಲಿ ನಮ್ಮ ಪಾಲೂ ಇರಬೇಕು. ಪವನ್ ಕುಮಾರ್ 2013ರಲ್ಲಿ ‘ಲೂಸಿಯಾ’ವನ್ನು ನೋಡುಗರಿಂದಲೇ ದುಡ್ಡು ಕೂಡಿಸಿ ಮಾಡಿ ತೋರಿಸಿದರು, ದಾರಿ ಗೊತ್ತಿಲ್ಲದ್ದೇನಲ್ಲ. ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ಗಾಯಕರನ್ನು ವಿಮಾನದಲ್ಲಿ ಕರೆಸಿ, ಶಾಲು ಹೊದಿಸಿ, ಬಾಡಿಗೆ ಸಭಾಂಗಣದಲ್ಲಿ ಬಿಸಿಬೇಳೆಬಾತ್ ತಿಂದು ಹೋಗುವ ನಮ್ಮ ಸಂಘಗಳು ಅದೇ ಸಭಾಂಗಣದಲ್ಲಿ ವರ್ಷಕ್ಕೆ ಎರಡು ಸ್ವತಂತ್ರ ಕನ್ನಡ ಸಿನಿಮಾಗಳನ್ನು ತೋರಿಸಲಿ. ನಿರ್ದೇಶಕರಿಂದ ಪರವಾನಗಿ ಪಡೆದು, ಅವರಿಗೆ ದುಡ್ಡು ಕೊಟ್ಟು, ಇಂಗ್ಲಿಷ್ ಸಬ್‌ಟೈಟಲ್ ಇರುವ ಪ್ರತಿಯನ್ನೇ ಹಾಕಲಿ. ತೆಲುಗಿನ ಅಕ್ಕಪಕ್ಕದವರನ್ನೂ ಕರೆಯಲಿ. ಹಿಂಬದಿಯ ಕಟ್ಟಡದ ದೇವದುರ್ಗದವರಿಗೂ ಒಂದು ಸಾಲು ಕುರ್ಚಿ ಇಡಲಿ. ಕನ್ನಡದ ದೊಡ್ಡ ಸಿನಿಮಾ ಇಲ್ಲಿಗೆ ಬಂದಾಗ ನಾವು ತೆಲುಗು ಶೋಗೆ ಹೋಗದೆ ಕನ್ನಡದ ಶೋ ಕೇಳೋಣ. ಮಲ್ಟಿಪ್ಲೆಕ್ಸಿನವರಿಗೆ ಭಾಷಾಭಿಮಾನ ಅರ್ಥವಾಗದು; ಬುಕ್ ಆದ ಸೀಟಿನ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ.

ಇಷ್ಟೆಲ್ಲ ಯಾಕೆ? ನನ್ನ ಮಗಳಿಗೆ ಹನ್ನೊಂದು ವರ್ಷ. ಅವಳು ಕನ್ನಡದಲ್ಲಿ ಜಗಳವಾಡುತ್ತಾಳೆ, ತೆಲುಗಿನಲ್ಲಿ ಆಟವಾಡುತ್ತಾಳೆ, ಇಂಗ್ಲಿಷ್‌ನಲ್ಲಿ ಪರೀಕ್ಷೆ ಬರೆಯುತ್ತಾಳೆ. ಕನ್ನಡ ಸಿನಿಮಾ ನೋಡಿದಾಗ ಅಲ್ಲಿ ಇವಳಂಥವರು ಒಬ್ಬರೂ ಇಲ್ಲ. ಅಲ್ಲಿರುವ ಕನ್ನಡಿಗರಿಗೆಲ್ಲ ಕನ್ನಡ ಮಾತ್ರ ಬರುತ್ತದೆ, ಇಲ್ಲವೇ ಟಿಕೆಟ್ಟಿನ ಭಾಷೆ ಬರುತ್ತದೆ. ಹಾಗಾಗಿ ತಾನು ಪೂರಾ ಕನ್ನಡದವಳಲ್ಲ ಎಂದು ಅವಳು ತೀರ್ಮಾನಿಸಿದರೆ ಅದು ಅವಳ ತಪ್ಪಲ್ಲ. ಮೂರು ಭಾಷೆಯ ಬಾಯಲ್ಲಿರುವ ಕನ್ನಡವೂ ಇಡೀ ಕನ್ನಡವೇ, ಅರ್ಧದ್ದಲ್ಲ ಎಂದು ಅವಳಿಗೆ ಪಾಠ ಮಾಡಿ ನಂಬಿಸಲು ನನ್ನಿಂದಾಗದು. ಒಂದು ಸಿನಿಮಾದಿಂದ ಆಗುತ್ತದೆ. ಅದನ್ನು ಒಂದೇ ಸಲ ತೆಗೆಯಿರಿ, ಆದರೆ ಅದರೊಳಗೆ ಎಷ್ಟು ಭಾಷೆಗಳಿವೆಯೋ ಅಷ್ಟನ್ನೂ ಇರಲು ಬಿಡಿ. ಕೊಂಡಾಪುರದಲ್ಲಿ ಮೊದಲ ದಿನದ ಟಿಕೆಟ್ಟಿಗೆ ನಾವು ಸಾಲು ನಿಲ್ಲುತ್ತೇವೆ.